ನಲವತ್ತೊಂದು ಹೊಗೆ

ಜನವರಿ 6, 2003, ಸೋಮವಾರ
ಇವತ್ತೂ ವೋಲ್ಟೇಜ್ ಇಲ್ಲ. ಬೆಳೆಗಾರರ ಸಂಘದ ಪಲ್ಪರ್ ಯಂತ್ರದ ಮುಂದೆ ಕಾಫಿ ಹಣ್ಣಿನ ಮೂಟೆಗಳ ಸಾಲು. ಬಿಡಿಸಿದ ದಿನವೇ ಸಿಪ್ಪೆ ಸುಲಿಯದಿದ್ದರೆ ಹುಳಿ. ಕಾರ್ಯದರ್ಶಿ ನಾನು, ಬೈಗುಳವೂ ನನಗೇ.
ಕರೆಂಟ್ ಆಫೀಸಿನ ಇಂಜಿನಿಯರ್ ಹತ್ತಿರ ಹೋದೆ.
"ಸಂಜೆ ಆರಾದ್ರೆ ನಿಮ್ಮೂರಲ್ಲಿ ಗೀಸರ್, ನೀರು ಕಾಯ್ಸೋ ಕಾಯಿಲ್ ಎಲ್ಲಾ ಆನ್. ಅದನ್ನ ನಿಲ್ಸಿ, ಶನಿವಾರ ಸಂಜೆ ಆರರಿಂದ ಎರಡು ಗಂಟೆ ಕಾಲ ತ್ರೀ ಫೇಸ್ ಬಿಡ್ತೀನಿ. ಫ್ಯೂಸ್ ಹೋಯ್ತೋ, ಈ ಸೀಸನ್ ಮರ್ತ್ಬಿಡಿ."

ಜ. 8
ಬಸ್‌ಸ್ಟ್ಯಾಂಡ್ ಗೋಡೆಗೆ ಬರೆದೆ: ಗೀಸರ್ ಬಿಡಿ, ಹಂಡೆ ಹಿಡಿ, ಪಲ್ಪರ್‌ಗೆ ಕರೆಂಟ್ ಕೊಡಿ!
ನಲವತ್ತೊಂದು ಮನೆಯ ಊರನ್ನೆಲ್ಲ ಸುತ್ತಿದೆ. ಎಲ್ಲರೂ ಪ್ರಾಸ ಮೆಚ್ಚಿದರು. ಕಾಫಿ ಕೊಟ್ಟರು. ಗೀಸರ್ ಬಿಡಲಿಲ್ಲ.

ಜ. 9, ಸಂಜೆ
ಗುಡ್ಡದ ಮೇಲಿನ ದೊಡ್ಡ ಎಸ್ಟೇಟಿನ ರುಕ್ಮಿಣಮ್ಮನವರು ಒಪ್ಪಿದರೆ ಊರೇ ಒಪ್ಪೀತು ಎಂದು ಹತ್ತಿದೆ. ಅವರ ಬಚ್ಚಲಲ್ಲಿ ಆಗಲೇ ಹಂಡೆ ಕಾಯುತ್ತಿತ್ತು! ಅಂಗಳಕ್ಕೆ ಕರೆದು ಊರು ತೋರಿಸಿದರು.
"ಒಲೆ ಹಚ್ಚಿದೋರ ಬಚ್ಚಲಿಂದ ಹೊಗೆ ಏಳುತ್ತೆ. ಎಣಿಸಿ."
"ಒಂಬತ್ತು."
"ಆ ತಾರಸಿ ಮನೆ ಯಾರದು ಮಾರಾಯ್ರೇ? ಹೊಗೇನೇ ಇಲ್ಲ!"
ನನ್ನದು. ಗೀಸರ್ ಬಂದ ದಿನವೇ ಹಂಡೆಯನ್ನು ಹಿತ್ತಲಲ್ಲಿ ಬೋರಲು ಹಾಕಿದ್ದೆವು. ಮರೆತೇ ಹೋಗಿತ್ತು...
"ಪ್ರಾಸ ಮಾತ್ರ ಚೆನ್ನಾಗಿದೆ," ಎಂದರು. ಅದೇ ಹೆಚ್ಚು ಚುಚ್ಚಿತು.

ಜ. 10
ಹುಣಸೆಹಣ್ಣು ಹಾಕಿ ಹಂಡೆ ಉಜ್ಜಿದೆ. ನಾನೇ. ಹೆಂಡತಿ ಯಶೋದಾ ಬಾಗಿಲಲ್ಲಿ ನಿಂತು, "ಇಪ್ಪತ್ತು ವರ್ಷದಲ್ಲಿ ಇದು ನಿಮ್ಮ ಮೊದಲ ಗದ್ಯ," ಎಂದಳು.
ಗೋಡೆಗೂ ಹೊಸ ಸಾಲು: ಹೇಳಿದವನ ಮನೆಯಲ್ಲೇ ಹೊಗೆಯಿಲ್ಲ, ಕೇಳದವರ ಮೇಲೆನಗೆ ಹಗೆಯಿಲ್ಲ. ತಪ್ಪಾಯಿತು. ಸಂಜೆ ನಮ್ಮ ಬಚ್ಚಲ ಕಡೆ ನೋಡಿ.
ನೋಡಲು ಜನವೇ ನಿಂತಿತು. ನಕ್ಕಿತು. ಮನೆಗೆ ಹೋಗಿ ಒಲೆ ಹಚ್ಚಿತು. ಗುಡ್ಡದಿಂದ ಫೋನ್: "ಇಪ್ಪತ್ತಾರು!"

ಜ. 11, ಶನಿವಾರ, ರಾತ್ರಿ 8.30
ಗೆದ್ದೆವು!
ಆರಕ್ಕೆ ಫೋನ್: "ನಲವತ್ತಾಯ್ತು. ದ್ಯಾವಮ್ಮಂದು ಬಾಕಿ."
ತುಂಡು ತೋಟದ ದ್ಯಾವಮ್ಮ ಪಲ್ಪರ್ ಪಕ್ಕದಲ್ಲೇ ತನ್ನ ಮೂಟೆ ಕಾಯುತ್ತಿದ್ದಳು. "ನಂಗೆಲ್ಲಿ ಗೀಸರ್ ಸ್ವಾಮಿ? ಹಣ್ಣಿನ ಸ್ನಾನ ಆಗ್ಲಿ, ಆಮೇಲೆ ನಂದು!"
ಲೈನ್‌ಮನ್ ಭೂತಯ್ಯ ಸ್ವಿಚ್ ಎತ್ತಿದ. ಮೋಟರ್ ನರಳಿತು... ನರಳಿತು... ಹಿಡಿಯಿತು. ಎರಡು ಗಂಟೆ. ಫ್ಯೂಸ್ ಅಲುಗಲಿಲ್ಲ. ಕೊನೆಯ ಮೂಟೆ ಮುಗಿದಾಗ ದ್ಯಾವಮ್ಮ ಖಾಲಿ ಚೀಲ ಕೊಡವಿ ನನ್ನ ಹೆಗಲಿಗೆ ಹೊದಿಸಿದಳು, ಶಾಲಿನ ಹಾಗೆ. ಎಲ್ಲರ ಚಪ್ಪಾಳೆ.
ಇಂಜಿನಿಯರ್: "ಸೀಸನ್ ಮುಗಿಯೋವರೆಗೂ ದಿನಾ ಬಿಡ್ತೀನಿ."

ಜ. 12, ಸಂಜೆ
ಫೋನ್. "ನಲವತ್ತೊಂದು." ಅಷ್ಟೇ ಹೇಳಿ ಇಟ್ಟರು ರುಕ್ಮಿಣಮ್ಮನವರು.
ಗೋಡೆಗೆ ಹೊಸದು ಹೊಳೆದಿದೆ: ಊರ ತುಂಬ ಹೊಗೆ, ಮುಖದ ತುಂಬ ನಗೆ, ಇನ್ನು ಮೇಲೆ...
ಯಶೋದಾ ಕೂಗುತ್ತಿದ್ದಾಳೆ. ನೀರು ಕಾದಿದೆಯಂತೆ. ಮೂರನೆಯ ಸಾಲು ಸ್ನಾನ ಮಾಡಿ ಬಂದು—