ಮುಚ್ಚಿಡಬಾರದ ಊರು

ನೈಟ್‌ಕ್ಲಿಫ್, ಡಾರ್ವಿನ್
೧೮ ನವೆಂಬರ್ ೧೯೯೧

ಪ್ರೀತಿಯ ತಂಗಿ ಥೆಮೆಲಿನಾ,

ನಾವು ಕ್ಷೇಮ. ನಿನ್ನ ಕಾಗದ ಬಂದು ತಿಂಗಳು ಮೀರಿತು. ಬೈದುಕೊಂಡಿರುತ್ತೀಯ, ಬೈದುಕೋ. ಅಡಿಲೇಡಿನ ಮನೆ ಮಾರಿ ನಮ್ಮ ಜೊತೆ ಇರಲು ಬರಬೇಕೆಂದಿರುವವಳು ನೀನು, "ಅಲ್ಲಿನ ಹವೆ ನನಗೆ ಒಗ್ಗುತ್ತಾ? ಸುಳ್ಳು ಹೇಳ್ದೆ ಬರಿ" ಎಂದು ಕೇಳಿದ್ದೀಯ. ನೀನು ಬರಲೇಬೇಕೆಂಬ ಆಸೆಯಲ್ಲಿ ಸುಳ್ಳು ಬರೆದುಬಿಟ್ಟೇನೆಂದು ಹೆದರಿಯೇ ಇಷ್ಟು ತಡ.

ಈಗ ಮೋಡ ಕಟ್ಟುವ ಕಾಲ. ಎರಡು ತಿಂಗಳಿಂದ ಕಟ್ಟುತ್ತಲೇ ಇದೆ, ಒಂದು ಹನಿ ಇಲ್ಲ. ಸ್ನಾನ ಮಾಡಿ ಟವೆಲ್ ಒಣಹಾಕುವಷ್ಟರಲ್ಲಿ ಮತ್ತೆ ಬೆವರು. ಸಮುದ್ರ ಎದುರಿಗೇ ಇದ್ದರೂ ಕಾಲಿಡುವಂತಿಲ್ಲ, ವಿಷದ ಜೆಲ್ಲಿ ಮೀನುಗಳ ಕಾಲ. ಎಲ್ಲರಿಗೂ ಮೂಗಿನ ತುದಿಯಲ್ಲೇ ಕೋಪ. ಕಾಫಿ ಬಿಸಿಯಾಗಿದೆ ಅಂತ ನಿಮ್ಮ ಭಾವ ಮಿಕೇಸ್ ಮೊನ್ನೆ ಕೂಗಾಡಿದರು. "ಇನ್ನೇನು ಕಾಫಿ ತಣ್ಣಗಿರುತ್ತಾ ಮಹರಾಯ?" ಅಂದೆ.

ಆದರೆ ಸಂಜೆ! ನಿನ್ನೆ ಆರು ಗಂಟೆಗೆ ಸಮುದ್ರದ ಮೇಲೆ ಆಕಾಶ ನೇರಳೆಯಾಯಿತು. ಮಿಂಚು ಒಂದೇ ಎರಡೇ, ಮೋಡ ಬೇರು ಬಿಟ್ಟ ಹಾಗೆ ನೀರಿನವರೆಗೂ ಇಳಿಯಿತು. ಬೀದಿಯವರೆಲ್ಲ ಕುರ್ಚಿ ಹೊತ್ತು ದಡಕ್ಕೆ ಬಂದಿದ್ದರು. ಮಿಕೇಸ್ ಟೋಪಿ ತೆಗೆದು ಶಿಲುಬೆಯ ಗುರುತು ಹಾಕಿಕೊಂಡರು. ಹದಿನಾಲ್ಕು ವರ್ಷದಿಂದ ನೋಡುತ್ತಿದ್ದೇನೆ ತಂಗಿ, ನಿನ್ನೆಯೂ ಕಣ್ಣಲ್ಲಿ ನೀರು ಬಂತು. ದೇವರು ಇಷ್ಟು ಹತ್ತಿರ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಉಣ್ಣೆ ಬಟ್ಟೆ, ಚರ್ಮದ ಚಪ್ಪಲಿ ಎಲ್ಲ ಅಲ್ಲೇ ಯಾರಿಗಾದರೂ ಕೊಟ್ಟುಬಿಡು. ಇಲ್ಲಿ ಬೂಷ್ಟು ಹಿಡಿಯುತ್ತದೆ. ಏನನ್ನೂ ಮುಚ್ಚಿಡಬಾರದು. ನಾವೋ ಗ್ರೀಸಿನ ಕಾಲಿಮ್ನೋಸ್ ದ್ವೀಪದವರು, ಬೆಲೆಯುಳ್ಳದ್ದೆಲ್ಲ ಪೆಟ್ಟಿಗೆಯ ತಳಕ್ಕೆ, ಮೇಲೊಂದು ಬೀಗ. ಪಕ್ಕದ ಮನೆ ಡೋರೀನ್ ಮೊದಲ ವರ್ಷವೇ ಹೇಳಿದ್ದಳು, "ಅಯ್ಯೋ ಸೆವಾಸ್ತಿ, ಈ ಊರಲ್ಲಿ ಕಳ್ಳ ಹೊರಗಿಂದ ಬರಲ್ಲ ಕಣೇ, ಪೆಟ್ಟಿಗೆ ಒಳಗೇ ಬೆಳೀತಾನೆ!" ನಾನು ನಕ್ಕುಬಿಟ್ಟಿದ್ದೆ.

ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಆದರೂ ಬಾ. ನಿನ್ನ ಕೋಣೆಗೆ ಬಣ್ಣ ಬಳಿದಾಗಿದೆ. ಮಾತೆ ಮರಿಯಾ ನಿನ್ನನ್ನು ಕಾಯಲಿ, ದಾರಿಯುದ್ದಕ್ಕೂ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಸೆವಾಸ್ತಿ

ಬಿಟ್ಟ ಮಾತು: ತಡವಾದದ್ದಕ್ಕೆ ಮೇಲೆ ಹೇಳಿದ ಕಾರಣ ಪೂರ್ತಿ ನಿಜವಲ್ಲ. ನಿನ್ನ ಕಾಗದ ಬಂದ ದಿನವೇ, ನಿನ್ನ ಕೋಣೆಯಲ್ಲಿ ಇಡೋಣವೆಂದು ಪೆಟ್ಟಿಗೆಯಿಂದ ನನ್ನ ಇರೀನಿಯ ಫೋಟೋ ತೆಗೆದೆ. ಮಗು ಹೋದ ಮೇಲೆ ನೋಡಲಾರದೆ ಬೀಗ ಹಾಕಿಟ್ಟದ್ದು. ಮೇಲೆಲ್ಲ ಬೂದಿ ಬಣ್ಣದ ಬೂಷ್ಟು. ಮೆಲ್ಲಗೆ ಒರೆಸಿದೆ, ಅವಳ ಮುಖ ಬಟ್ಟೆಗೇ ಬಂದುಬಿಟ್ಟಿತು. ಅವಳ ಆರನೇ ಹುಟ್ಟುಹಬ್ಬದ ಫೋಟೋ ನಿನ್ನ ಹತ್ತಿರ ಇದೆಯಲ್ಲ, ಅಂಚೆಗೆ ಹಾಕಬೇಡ, ಕೈಯಲ್ಲೇ ತಾ. ಅಲ್ಲಿಯವರೆಗೆ ಇಷ್ಟು ನೋಡಿ ಬರಿ: ನಕ್ಕರೆ ಅವಳಿಗೆ ಗುಳಿ ಬೀಳುತ್ತಿದ್ದುದು ಯಾವ ಕೆನ್ನೆಗೆ? ನಿಮ್ಮ ಭಾವ ಬಲ ಅನ್ನುತ್ತಾರೆ, ನಾನು ಎಡ ಅನ್ನುತ್ತೇನೆ.