ಕಟ್ಟರಿಗೆ ಬಿಳಿ ಚಶ್ಮಾ

ಫೆಬ್ರವರಿ 6, ಮಂಗಳವಾರ

ಕಸ ಹೊಡೆದೆ. ಶಟರಿಗೆ ಎಣ್ಣೆ ಬಿಟ್ಟೆ. ಮೊಳೆಗಳನ್ನು ಅಳತೆ ಪ್ರಕಾರ ಡಬ್ಬಿಗೆ ಹಾಕಿದೆ. ಇಳಕಲ್ಲಿನ ಕಲ್ಲಿನ ಧೂಳು ಅಂಗಡಿಯ ಒಳಗೂ ಬರುತ್ತದೆ. ಎರಡು ಸಲ ಒರೆಸಬೇಕು.

ಹಾರ್ಡ್‌ವೇರ್ ಅಂಗಡಿ ಮಲೀಕಸಾಬ ಕಾಕಾ ಅವರದು. ನಾನು ಸೇರಿ ಏಳು ತಿಂಗಳು. ಇಂದು ಚಶ್ಮಾಗಳ ಬಗ್ಗೆ ಹೇಳಿಕೊಟ್ಟರು. ಕಲ್ಲು ಕೊಯ್ಯುವವರಿಗೆ ಬಿಳಿಯದು, ಬಣ್ಣವಿಲ್ಲದ್ದು. ಪಕ್ಕದಲ್ಲೂ ಮುಚ್ಚಿರಬೇಕು, ಕೆನ್ನೆಗೆ ಕೂರಬೇಕು. ವೆಲ್ಡಿಂಗಿಗೆ ಬೇರೆ. ಸುಣ್ಣ, ಆಸಿಡ್ ಕೆಲಸಕ್ಕೆ ಸುತ್ತಲೂ ರಬ್ಬರ್ ಇರುವುದು. ಕೆಲಸದ ಚಶ್ಮಾ ಆದರೆ ಕಡ್ಡಿಯ ಮೇಲೆ ನಂಬರ್ ಒತ್ತಿರುತ್ತಾರೆ. ಬಾಗಿಲಿಗೆ ನೇತುಹಾಕಿದ ಕಪ್ಪು ಚಶ್ಮಾಗಳ ಮೇಲೆ ಏನೂ ಇಲ್ಲ. ಅವು ಬಿಸಿಲಿಗೆ, ಗಾಡಿ ಓಡಿಸುವವರಿಗೆ.

ಐದನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಇಂಗ್ಲಿಷ್ ಬಾರದು. ನಂಬರ್ ಗುರುತಿಸಬಲ್ಲೆ. ಏನು ಕೆಲಸ ಎಂದು ಮೊದಲು ಗಿರಾಕಿಯನ್ನು ಕೇಳು, ಆಮೇಲೆ ಕೊಡು ಎಂದರು ಕಾಕಾ. ಅದೇ ಕಷ್ಟ. ಗಂಡಸರು ಎದುರು ನಿಂತರೆ ನನ್ನ ಬಾಯಿ...

ಫೆಬ್ರವರಿ 9, ಶುಕ್ರವಾರ, ಮಧ್ಯಾಹ್ನ ಮೂರು

ಕಾಕಾ ನಮಾಜಿಗೆ ಹೋಗಿದ್ದರು. ಒಬ್ಬಳೇ ಇದ್ದೆ. ಗುಡೂರಿನ ಮುದಕಪ್ಪ ಎಂಬವರು ಬಂದು ಕಲ್ಲು ಕೊಯ್ಯುವ ಕಟ್ಟರ್ ಬಾಡಿಗೆಗೆ ಒಯ್ದರು. ಮನೆ ಕಟ್ಟುವ ಗೌಂಡಿ ಇವತ್ತು ನಾಳೆ ಅನ್ನುತ್ತಿದ್ದಾನಂತೆ. ಅಡುಗೆಮನೆ ಕಟ್ಟೆಯ ಕಲ್ಲನ್ನು ತಾವೇ ಕೊಯ್ಯುತ್ತಾರಂತೆ. ಜೊತೆಗೆ ಗೆಳೆಯ ಚಂದಪ್ಪ.

ಚಶ್ಮಾನೂ ಬೇಕೆಂದರು. ನಾನು ಡಬ್ಬಿಯಿಂದ ಬಿಳಿಯದನ್ನು ತೆಗೆಯುವಷ್ಟರಲ್ಲಿ ಬಾಗಿಲ ಬಳಿಯ ಕಪ್ಪನ್ನು ಹಾಕಿಕೊಂಡು, ಹೊರಗಿನ ಗಾಡಿಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದರು.

“ಹೆಂಗ ಕಾಣ್ತೇನಿ ಲೇ?”

“ಕಲ್ಲ ಕೊಯ್ಯಾಂವ ಅಲ್ಲ, ಕನ್ಯಾ ನೋಡಾಕ ಹೊಂಟಾಂವ ಕಂಡಂಗ ಕಾಣ್ತಿ,” ಎಂದ ಚಂದಪ್ಪ.

ನಕ್ಕರು. ಕಟ್ಟರಿಗೆ ಇದು ನಡೆಯುತ್ತದಲ್ಲ ಎಂದು ಮುದಕಪ್ಪ ನನ್ನನ್ನು ಕೇಳಿದರು. ಬಿಳಿಯದು ನನ್ನ ಕೈಯಲ್ಲೇ ಇತ್ತು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಹೂಂ ಎಂಬಂತೆ ತಲೆಯಾಡಿಸಿದೆ. ಕಪ್ಪನ್ನೇ ಕೊಂಡು ಹೋದರು.

ಕಾಕಾ ಬಂದಾಗ ಹೇಳಲಿಲ್ಲ.

ಫೆಬ್ರವರಿ 14, ಬುಧವಾರ

ಚಂದಪ್ಪ ಕಟ್ಟರ್ ವಾಪಸ್ ತಂದ. ನಿನ್ನೆ ಕಲ್ಲಿನ ಹಳಕು ಸಿಡಿದು ಮುದಕಪ್ಪ ಅವರ ಮುಖಕ್ಕೆ ಬಡಿದಿದೆ. ಚಶ್ಮಾ ಒಡೆದು ಚೂರು ಎಡಗಣ್ಣಿನೊಳಗೆ ಹೋಗಿದೆ. ಬಾಗಲಕೋಟೆಗೆ ಒಯ್ದಿದ್ದಾರೆ.

ಚಶ್ಮಾ ಎಲ್ಲಿಯದು ಎಂದು ಕಾಕಾ ಕೇಳಿದರು. ಇಲ್ಲೇ ತಗೊಂಡದ್ದು ಎಂದ.

“ಹಂಗಾರ ಚಶ್ಮಾ ಬರೋಬರಿನ ಇತ್ತು ಬಿಡು. ನಮ್ಮ ಹುಡುಗಿ ತಪ್ಪು ಕೊಡೂದಿಲ್ಲ,” ಎಂದರು ಕಾಕಾ.

ನಾನು ಪೈಪು ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ.

ಫೆಬ್ರವರಿ 15

ರೊಟ್ಟಿ ತಿಂದೆ. ಅಂಗಡಿಗೆ ಹೋದೆ. ಬಂದೆ.

ಫೆಬ್ರವರಿ 19

ಬಾಗಿಲಲ್ಲಿದ್ದ ಕಪ್ಪು ಚಶ್ಮಾಗಳನ್ನೆಲ್ಲ ಚೀಲಕ್ಕೆ ತುಂಬಿ ಅಟ್ಟದ ಮೇಲೆ ಇಟ್ಟೆ. ಕಾಕಾ ಕೇಳಿದ್ದಕ್ಕೆ, ಧೂಳು ಹಿಡಿದಿದ್ದವು ಎಂದೆ. ಆಮೇಲೆ ಎಡಗಣ್ಣು ಮುಚ್ಚಿಕೊಂಡು ಬಾಟಲಿಗೆ ಬಣ್ಣದ ಥಿನ್ನರ್ ಸುರಿದು ನೋಡಿದೆ. ಬಾಟಲಿಯ ಬಾಯಿ ಇಲ್ಲೇ ಇದೆ ಅನ್ನಿಸುತ್ತದೆ. ಇರುವುದಿಲ್ಲ. ಕೈಮೇಲೆ ಬಿತ್ತು. ಉರಿಯುತ್ತಿದೆ ಎಂದು ತುಸು ಹೊತ್ತಿನ ಮೇಲೆ ತಿಳಿಯಿತು.

ಮಾರ್ಚ್ 4, ಸೋಮವಾರ

ಎಡಗಣ್ಣು ಉಳಿಯಲಿಲ್ಲ. ತೆಗೆದರಂತೆ. ಚಂದಪ್ಪ ಸಿಮೆಂಟ್ ಒಯ್ಯಲು ಬಂದಾಗ ಹೇಳಿದ.

ಅಳು ಬರಲಿಲ್ಲ. ಬರಬೇಕಿತ್ತು. ಅವ್ವ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲ ಎಂದಳು.

ಏಪ್ರಿಲ್ 2, ಮಂಗಳವಾರ

ಮುದಕಪ್ಪ ಅವರ ಹೆಂಡತಿ ಬಂದಿದ್ದರು. ತಾಯವ್ವ ಎಂದು ಹೆಸರು. ಕಾಕಾ ಚಹಾ ತರಿಸಿದರು. ಅವರು ಚೀಲದಿಂದ ಅರಿವೆಯ ಗಂಟು ತೆಗೆದು ಬಿಚ್ಚಿದರು. ಒಡೆದ ಕಪ್ಪು ಚಶ್ಮಾ. ಇಂಥದೇ ಇನ್ನೊಂದು ಬೇಕಂತೆ. ಅರ್ಧ ಬಿಟ್ಟ ಕಟ್ಟೆ ಕಂಡರೆ ಗಂಡನಿಗೆ ಸಿಟ್ಟು. ಗುರುವಾರ ಊರಿನವರ ಕಟ್ಟರ್ ತಂದು ಮತ್ತೆ ಕೊಯ್ಯುತ್ತಾರಂತೆ. ಯಾರ ಮಾತೂ ಕೇಳುತ್ತಿಲ್ಲವಂತೆ.

“ಇದನ್ನ ಹಾಕ್ಕೊಂಡಿದ್ದಕ್ಕ ಒಂದ ಕಣ್ಣರ ಉಳೀತವಾ,” ಎಂದರು ನನಗೆ. “ನಿನಗ ಪುಣ್ಯಾ ಬರಲಿ.”

ಅಟ್ಟದ ಮೇಲಿದೆ, ತೆಗೆದುಕೊಡು ಎಂದರು ಕಾಕಾ. ಏಣಿಯವರೆಗೆ ಹೋದೆ. ಹತ್ತಿದೆ. ಚೀಲಕ್ಕೆ ಕೈ ಹಾಕಿದೆ. ಗುರುವಾರ ಅಂದರೆ ನಾಡಿದ್ದು. ಬರಿಗೈಯಲ್ಲಿ ಇಳಿದೆ.

“ಅಕ್ಕಾರ, ಅದು ಕೆಲಸದ ಚಶ್ಮಾ ಅಲ್ರಿ. ನನಗ ಅವತ್ತ ಗೊತ್ತಿತ್ರಿ. ಗೊತ್ತಿದ್ದೂ ಹೂಂ ಅಂದೆ.”

ಕಾಕಾ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ತಾಯವ್ವ ಅಕ್ಕ ಗಂಟನ್ನು ಮತ್ತೆ ಕಟ್ಟಿದರು. ಬಿಚ್ಚಿದರು. ಕಟ್ಟಿದರು.

“ಒಂದ ಮಾತು ಹೇಳಾಕ ಏನಾಗಿತ್ತು ನಿನಗ?”

ನಾಚಿಕೆ ಆಯಿತು ಎಂದೆ. ಗಂಡನ ಕಣ್ಣು ಹೋದವರ ಮುಂದೆ ಅದು ಏನು ಉತ್ತರ?

ತಾಯವ್ವ ಅಕ್ಕ ಗಂಟನ್ನು ಚೀಲಕ್ಕೆ ಹಾಕಿದರು. ಆಮೇಲೆ, ಸರಿಯಾದದ್ದು ಯಾವುದು ತೋರಿಸು ಎಂದರು. ತೋರಿಸಿದೆ. ನಂಬರ್, ಪಕ್ಕದಲ್ಲಿ ಮುಚ್ಚಿರುವುದು, ಎಲ್ಲ. ತಾವು ಹೇಳಿದರೆ ಗಂಡ ಕೇಳುವುದಿಲ್ಲ, ನೀನೇ ಬಂದು ಹೇಳು ಎಂದರು. ಚಶ್ಮಾ ಒಯ್ಯದೆ ಬಸ್ಸಿಗೆ ಹೋದರು.

ಕಾಕಾ ಸಂಜೆಯವರೆಗೂ ಗಿರಾಕಿಗಳನ್ನು ತಾವೇ ನೋಡಿಕೊಂಡರು. ಶಟರ್ ಎಳೆಯುವಾಗ ಬಿಳಿಯವು ಎರಡು ಕೊಟ್ಟರು. ಒಂದು ಅವರಿಗೆ, ಒಂದು ನಿನಗೆ ಎಂದರು. ಮುಖ ನೋಡಲಿಲ್ಲ.

ಏಪ್ರಿಲ್ 4, ಗುರುವಾರ. ಗುಡೂರಿನಿಂದ ಬರುವ ಬಸ್ಸಿನಲ್ಲಿ

ಮುದಕಪ್ಪ ಅಂಗಳದಲ್ಲಿ ಕಲ್ಲಿನ ಮುಂದೆ ಕುಳಿತಿದ್ದರು. ನಾನು ಅವರ ಎಡಗಡೆ ನಿಂತೆ. ತಿಳಿಯದೆ. ನನ್ನನ್ನು ನೋಡಲು ಅವರು ಇಡೀ ತಲೆ ತಿರುಗಿಸಬೇಕಾಯಿತು.

ಹೆಂಡತಿ ಎಲ್ಲ ಹೇಳಿದ್ದರು. ನಾನೂ ಹೇಳಿದೆ. ಅವರು ಬಯ್ಯಲಿಲ್ಲ. ಬಿಡು ಎಂದೂ ಅನ್ನಲಿಲ್ಲ. ಬಿಳಿ ಚಶ್ಮಾ ತಗೊಂಡರು, ಕಡ್ಡಿಗಳನ್ನು ಕಿವಿಗೆ ಕೂರಿಸಿಕೊಂಡರು.

“ನೀನೂ ಹಾಕ್ಕೋ. ಹಳಕ ಹಾರ್ತಾವು.”

ಹಾಕಿಕೊಂಡೆ. ತಾಯವ್ವ ಅಕ್ಕ ತಂಬಿಗೆಯಿಂದ ಕಲ್ಲಿನ ಮೇಲೆ ನೀರು ಬಿಟ್ಟರು. ಕಟ್ಟರ್ ಚಾಲೂ ಆಯಿತು. ಒಂದು ಗೇಣು ಹೋಗುವಷ್ಟರಲ್ಲಿ ನಿಲ್ಲಿಸಿದರು. ಗೆರೆಯ ಮೇಲೆ ಇಟ್ಟೆ ಅನ್ನಿಸುತ್ತದಂತೆ, ಬ್ಲೇಡು ಬದಿಗೆ ಕೂರುತ್ತದಂತೆ.

“ತಪ್ಪಿದರ ಹೇಳು. ಜೋರ ಹೇಳಬೇಕ ಮತ್ತ. ಈ ಮಷಿನಿನ ಸಪ್ಪಳದಾಗ ಬಾಯಾಗ ಗುಣುಗುಟ್ಟಿದರ ನನಗ ಕೇಳೂದಿಲ್ಲ.”

ಮೊದಲ ಸಲ ಕೇಳಿಸಲಿಲ್ಲ. ಇನ್ನೂ ಜೋರಾಗಿ ಅಂದೆ. ಬಲಕ್ಕ್ರಿ. ಇನ್ನೊಂದಿಷ್ಟು ಬಲಕ್ಕ್ರಿ. ಸಾಕ್ರಿ. ಕೂಗಿದೆ. ಓಣಿಯವರು ಬಂದು ನಿಂತರು, ನೋಡಿದರು. ಕಲ್ಲು ಮುಗಿಯುವವರೆಗೆ ಕೂಗಿದೆ.

ಹೊರಡುವಾಗ ಚಶ್ಮಾ ತೆಗೆದು ಒರೆಸಿದೆ. ತಾಯವ್ವ ಅಕ್ಕ ನೀರು ಕೊಟ್ಟರು.

ಈಗ ಕಂಡಕ್ಟರ್ ಎಲ್ಲಿಗೆ ಎಂದು ಕೇಳುತ್ತಿದ್ದಾನೆ. ಇಳಕಲ್ ಎಂದೆ. ಮತ್ತೆ ಕೇಳಿದ. ಗಂಟಲು ಬಿದ್ದಿದೆ, ದನಿಯೇ ಹೊರಡುತ್ತಿಲ್ಲ.