ಸಹಿ ಮಾಡಿದ ಖಾಲಿ ಹಾಳೆಗಳು

ಶ್ರೀನಿವಾಸಪುರ ತಾಲ್ಲೂಕು
ಶುಕ್ರವಾರ, 6-12-2024

ನನ್ನ ತಂಗಿ ಮಗಳು ರಂಜಿತಗೆ ದೊಡ್ಡಮ್ಮನ ಆಶೀರ್ವಾದ.

ಇಲ್ಲಿ ಎಲ್ಲಾ ಚೆನ್ನಾಗಿದ್ದೀವಿ ಅಂತ ಬರೆಯಬೇಕು, ಕೈ ಓಡ್ತಿಲ್ಲ. ಮೊದಲು ಒಂದು ಮಾತು ಕೇಳು. ಓದಿದ ಮೇಲೆ ಇದನ್ನ ಹರಿದು ಸುಟ್ಟುಬಿಡು. ಮುಳಬಾಗಿಲಿನ ನಿನ್ನ ಬಾಡಿಗೆ ಮನೇಲಿ ಬಚ್ಚಿಡೋಕೂ ಹೋಗಬೇಡ.

ಫೋನ್ ಯಾಕೆ ಮಾಡಲಿಲ್ಲ ಅಂತ ಅಂದುಕೊಂಡಿರ್ತೀಯ. ರಿಪೇರಿ ಮಾಡಿಸ್ತೀನಿ ಅಂತ ನಿಮ್ಮಣ್ಣ, ನನ್ನ ಹೊಟ್ಟೇಲಿ ಹುಟ್ಟಿದ ಅನಿಲ್‌ಕುಮಾರ, ನನ್ನ ಫೋನು ತಗೊಂಡು ಹೋಗಿ ಒಂಬತ್ತು ದಿನ ಆಯ್ತು. ಅದು ಕೆಟ್ಟೇ ಇರಲಿಲ್ಲ. ಅದಕ್ಕೆ ನಿಮ್ಮ ಸ್ಕೂಲಲ್ಲಿ ಬಿಸಿಯೂಟ ಮಾಡೋ ಅನಸೂಯಮ್ಮನ ಕೈಲಿ ಈ ಕಾಗದ ಕಳಿಸ್ತಿದ್ದೀನಿ. ಅವಳೂ ನನ್ನಷ್ಟೇ ಹೆದರಿದ್ದಾಳೆ. ಮಕ್ಕಳ ಗ್ರಾಮಸಭೇಲಿ ಎದ್ದು ನಿಂತು ಕೇಳಿದ ಮಾನಸ ಅವಳ ಮೊಮ್ಮಗಳೇ ಅಲ್ವಾ.

ರೇಷ್ಮೆ ಹುಳದ ಮನೇಲಿ ಕೂತು ಬರೀತಿದ್ದೀನಿ. ವಾಸನೆ ಅಂತ ಅನಿಲ ಇಲ್ಲಿಗೆ ಕಾಲಿಡಲ್ಲ. ಆದರೆ ಹುಳ ಸೊಪ್ಪು ಮೇಯೋ ಸದ್ದಿನಲ್ಲಿ ಅವನ ಬೈಕಿನ ಸದ್ದು ಕೇಳಿಸದೇ ಹೋದರೆ ಅಂತ ಭಯ. ಎರಡು ಸಾಲಿಗೊಂದು ಸಲ ಎದ್ದು ಬಾಗಿಲ ಸಂದಿಂದ ನೋಡಿ ಬರ್ತೀನಿ.

ಆವತ್ತು ಸಭೇಲಿ ನೀನಿದ್ದೆ. ಪಂಚಾಯಿತಿ ಅಧ್ಯಕ್ಷೆ ಅನ್ನಿಸಿಕೊಂಡ ನಾನೇ ಇರಲಿಲ್ಲ. ಸಭೆ ಇದೆ ಅಂತ ಅನಿಲ ಹೇಳಿದ್ದರೆ ತಾನೆ? ಎಲ್ಲಾ ಅನಸೂಯಮ್ಮ ಆಮೇಲೆ ಹೇಳಿದ್ದು. ನನ್ನ ಕುರ್ಚಿ ಮೇಲೆ ಅವನು ಕೂತಿದ್ದನಂತೆ. ಮಾನಸ ಎದ್ದು, ಸಾರ್, ಇದು ಹೆಂಗಸರಿಗೆ ಮೀಸಲಾಗಿರೋ ಸೀಟು, ಎಪ್ಪತ್ಮೂರನೇ ತಿದ್ದುಪಡಿ ಪಾಠದಲ್ಲಿ ನಮ್ಮ ಮಿಸ್ ಹೇಳಿದ್ದಾರೆ, ನಮ್ಮ ಅಧ್ಯಕ್ಷರು ದೊಡ್ಡಮುನಿಯಮ್ಮನೋರು, ಅವರೆಲ್ಲಿ, ನೀವ್ಯಾರು ಅಂದಳಂತೆ. ಹಿಂದೆ ನಿಂತಿದ್ದ ಯಾರೋ, ಏನ್ಲಾ ಅನಿಲ, ಸೀರೆ ತರಿಸ್ಲಾ ಅಂದನಂತೆ. ಊರೇ ನಕ್ಕಿತಂತೆ. ಆ ನಗು ಅವನ ತಲೆಗೆ ಹತ್ತಿದೆ ಕಣೇ.

ಮನೆಗೆ ಬಂದು ಬೈದಿದ್ದರೆ ನನಗಿಷ್ಟು ಭಯ ಆಗ್ತಿರಲಿಲ್ಲ. ಸುಮ್ಮನೆ ಮುದ್ದೆ ಉಂಡ. ಕೈ ತೊಳೆದು, ನಗ್ತಾ, ಏಮ್ಮಾ, ನಿನ್ನ ತಂಗಿ ಮಗಳದ್ದು ಇನ್ನೂ ಪ್ರೊಬೇಷನ್ನೇ ಅಲ್ವಾ, ಒಂದು ಕಂಪ್ಲೇಂಟು ಬಿದ್ದರೂ ಸಾಕಲ್ವಾ ಅಂದ. ನಾನು ಅವಳು ನಿನ್ನ ತಂಗಿ ಕಣೋ ಅಂದೆ. ಊರುಕೋಮ್ಮ, ನೀನು ಸುಮ್ಮನಿರು ಅಂದ.

ಈಗ ಬಿಇಒ ಆಫೀಸಿಂದ ನಿನಗೆ ನೋಟಿಸು ಬಂದಿದೆ, ಸೋಮವಾರದೊಳಗೆ ಜವಾಬು ಕೊಡಬೇಕು ಅಂತ ಗೊತ್ತಾಯ್ತು. ಮಕ್ಕಳಿಗೆ ರಾಜಕೀಯ ಹೇಳಿಕೊಡ್ತಾಳೆ, ಚುನಾಯಿತ ಪ್ರತಿನಿಧಿಗೆ ಅವಮಾನ ಮಾಡಿಸಿದ್ದಾಳೆ ಅಂತ ದೂರು. ಚುನಾಯಿತ ಪ್ರತಿನಿಧಿ ಅಂದರೆ ನಾನು. ನನಗೆ ಅವಮಾನ ಆಗಿರೋದು ನನಗೇ ಗೊತ್ತಿರಲಿಲ್ಲ ನೋಡು!

ತಪ್ಪಾಯ್ತು ಅಂತ ಬರೆದುಕೊಡು ರಂಜಿತಾ. ಅಪ್ಪ ಇಲ್ಲದೆ ಬೆಳೆದು, ಎರಡು ಸಲ ಪರೀಕ್ಷೆ ಕಟ್ಟಿ ಸಿಕ್ಕಿದ ಕೆಲಸ. ಒಂದು ಪಾಠ ಬಿಟ್ಟರೆ ಏನೂ ಮುಳುಗಿಹೋಗಲ್ಲ.

ಇಷ್ಟಕ್ಕೇ ನಿಲ್ಲಿಸೋಣ ಅಂತಿದ್ದೆ. ಆದರೆ ಆ ದೂರಿನ ಕೆಳಗಿರೋ ಸಹಿ ನಿನ್ನ ಕಣ್ಣಿಗೆ ಬಿದ್ದೇ ಇರುತ್ತೆ. ಅದು ನಂದೇ. ನೀನು ಮೂರನೇ ಕ್ಲಾಸಿನಲ್ಲಿದ್ದಾಗ ರಜಕ್ಕೆ ಬಂದು, ಇದೇ ಹುಳದ ಮನೇಲಿ ನನ್ನ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿದ್ದು. ಕೊನೇ ಅಕ್ಷರದ ಕೆಳಗೆ ಕರುವಿನ ಬಾಲದ ಥರ ಒಂದು ಗೆರೆ ಎಳೀಬೇಕು ದೊಡ್ಡಮ್ಮ ಅಂದಿದ್ದೆ. ಇವತ್ತಿಗೂ ಹಂಗೇ ಎಳೀತೀನಿ.

ನಾನು ಅಧ್ಯಕ್ಷೆಯಾದ ದಿನ, ಹಾರ ಇನ್ನೂ ಕತ್ತಲ್ಲೇ ಇತ್ತು, ಅನಿಲ ಪಂಚಾಯಿತಿ ಸೀಲು ಒತ್ತಿದ ಹತ್ತು ಹಾಳೆ ಮುಂದಿಟ್ಟ. ಪದೇ ಪದೇ ಆಫೀಸಿಗೆ ಬರೋ ಕಷ್ಟ ನಿನಗ್ಯಾಕಮ್ಮ ಅಂದ. ಖಾಲಿ ಹಾಳೆ ಅನ್ನೋದು ನನಗೆ ಹೊಳೀಲೇ ಇಲ್ಲ. ಹತ್ತರಲ್ಲೂ ಬಾಲ ಚೆನ್ನಾಗಿ ಬರಲಿ ಅಂತ ಅಷ್ಟೇ ನೋಡಿದೆ. ಬೀದಿ ದೀಪಕ್ಕೊಂದು, ಬೋರಿನ ಮೋಟರಿಗೊಂದು ಹೋಯ್ತು. ಒಂದು ನಿನ್ನ ಮೇಲೆ ಬಂತು.

ಸಹಿ ಬಿಟ್ಟು ಬೇರೇನೂ ನನಗೆ ಬರಲ್ಲ ಅಂತ ಅವನು ತಿಳಿದಿದ್ದಾನೆ. ಬಸ್ಸಿನ ಬೋರ್ಡು, ಬಿತ್ತನೆ ಬೀಜದ ಪಾಕೀಟು, ಆಮೇಲೆ ಪೇಪರು, ಹಿಂಗೇ ಒಬ್ಬಳೇ ಓದೋದು, ಬರೆಯೋದು ಕಲಿತೆ. ಮೊದಮೊದಲು ಹೇಳೋಕೆ ನಾಚಿಕೆ, ಈಗ ಭಯ. ಅವನು ಸ್ನಾನಕ್ಕೆ ಹೋದಾಗ ಫೈಲು ತೆಗೆದು ಆ ದೂರಿನ ನಕಲು ಓದಿದೆ. ಮಾನಸನ ಪುಸ್ತಕ ತರಿಸಿಕೊಂಡು ನಿನ್ನ ಪಾಠಾನೂ ಬೆರಳಿಟ್ಟು ಓದಿದೆ, ಎರಡು ಮಧ್ಯಾಹ್ನ ಹಿಡೀತು. ಹೆಂಗಸರ ಸೀಟು ಅಂತ ಇದೆ, ಪ್ರಶ್ನೆ ಕೇಳೋ ಹಕ್ಕು ಅಂತ ಇದೆ. ಅಧ್ಯಕ್ಷೆಯ ಮಗ ಅಂತ ಎಲ್ಲೂ ಇಲ್ಲ.

ಆದರೂ ತಪ್ಪಾಯ್ತು ಅಂತಲೇ ಬರಿ. ನಾನು ಅವನ ಮನೇಲಿ ಇರೋಳು. ನನ್ನ ಕೈಲಿ ಇನ್ನೇನು ಆಗುತ್ತೆ ಹೇಳು.

ನಿನ್ನ ದೊಡ್ಡಮ್ಮ,
ದೊಡ್ಡಮುನಿಯಮ್ಮ

ತಾ.ಕ.: ಶನಿವಾರ ಬೆಳಿಗ್ಗೆ. ಕಾಗದ ಸುಡಬೇಡ.

ಇದನ್ನ ತಗೊಳ್ಳೋಕೆ ಬಂದ ಅನಸೂಯಮ್ಮ ಅತ್ತುಬಿಟ್ಟಳು. ಮಿಸ್ಸೇ ಹೇಳಿಕೊಟ್ಟು ಕೇಳಿಸಿದರು ಅಂತ ಮಾನಸ ಬರೆದುಕೊಡಬೇಕು, ಇಲ್ಲದಿದ್ದರೆ ಅಡುಗೆ ಕೆಲಸ ಬಿಡು ಅಂತ ಅನಿಲ ನಿನ್ನೆ ಅವಳ ಮನೆ ಬಾಗಿಲಿಗೇ ಹೋಗಿ ಹೇಳಿದ್ದಾನೆ. ಮಗು, ಪಾಠ ಮಿಸ್ಸು ಮಾಡಿದ್ದು, ಕೇಳಿದ್ದು ನಾನು, ಸುಳ್ಳು ಬರೆಯಲ್ಲ ಅಂತ ಪೆನ್ನೇ ಮುಟ್ಟಲಿಲ್ಲವಂತೆ. ಹದಿಮೂರು ವರ್ಷದ ಹುಡುಗಿ ಕಣೇ. ಅನಸೂಯಮ್ಮನ್ನ ಹೊರಗೆ ಕೂರಿಸಿ ಒಳಗೆ ಹೋದೆ.

ಫೈಲಿನಲ್ಲಿ ನನ್ನ ಸಹಿ ಇದ್ದ ಖಾಲಿ ಹಾಳೆ ಇನ್ನೂ ಮೂರು ಉಳಿದಿದ್ದವು. ಒಂದನ್ನ ಎತ್ತಿಕೊಂಡೆ. ಇದರ ಜೊತೆ ಇಟ್ಟಿದ್ದೀನಿ ನೋಡು. ಶಿಕ್ಷಕಿ ರಂಜಿತ ಮೇಲಿನ ದೂರು ನಾನು ಬರೆದಿದ್ದಲ್ಲ, ಖಾಲಿ ಹಾಳೆ ಮೇಲೆ ನನ್ನ ಸಹಿ ತಗೊಂಡಿದ್ದರು, ಆ ಹುಡುಗಿ ಕೇಳಿದ್ದು ಸರಿ, ಅಧ್ಯಕ್ಷೆ ನಾನು, ಆವತ್ತು ಸಭೇಲಿ ನಾನು ಇರಬೇಕಿತ್ತು ಅಂತ ನನ್ನ ಕೈಯಾರೆ ಬರೆದಿದ್ದೀನಿ. ಸಾಲು ಸೊಟ್ಟ ಇದೆ. ಸೋಮವಾರ ನಿನ್ನ ಜವಾಬಿಗೆ ಪಿನ್ ಮಾಡಿ ಕೊಡು.

ಅಷ್ಟರಲ್ಲಿ ಅನಿಲ ಹಾಳೆ ಎಣಿಸಿರ್ತಾನೆ. ಇನ್ನೊಂದು ಎಲ್ಲಮ್ಮಾ ಅಂತ ಕೇಳ್ತಾನೆ. ನನಗೆ ಓದೋಕೆ ಬರುತ್ತೆ ಅಂತ ಆವತ್ತು ಹೇಳಿಬಿಡ್ತೀನಿ.